ಅಪ್ಪನ ದನಿಯ ತುಂಡುಗಳು

ಅಕ್-ಜಾರ್ ಊರಿನ ಗಾಳಿ ಎಂಥದ್ದೆಂದರೆ, ಸರೋವರದ ಮೇಲಿಂದ ಎದ್ದು ಬಂದಾಗ ಗಂಡಸಿನ ತಲೆಯ ಮೇಲಿನ ಬಿಳಿ ಟೋಪಿಯನ್ನು ಎತ್ತಿಕೊಂಡು ಹೋಗಿ ಆಚೆ ದಡದಲ್ಲಿ ಇನ್ನೊಬ್ಬನ ತಲೆಗೆ ಇಟ್ಟುಬಿಡುತ್ತದೆ. ಆ ಟೋಪಿ ಅಲ್ಲೊಂದು ಮದುವೆ ಊಟ ಮುಗಿಸಿ, ಕುರಿಕೊಬ್ಬಿನ ವಾಸನೆ ಹೊತ್ತುಕೊಂಡು, ಎದುರು ಗಾಳಿ ಬೀಸಿದ ದಿನ ತನ್ನ ಯಜಮಾನನ ಬಳಿಗೆ ವಾಪಸು ಬರುತ್ತದೆ. ಸುಳ್ಳು ಎನ್ನುವವರು ಆ ಊರಿನಲ್ಲಿ ಒಂದು ಚಳಿಗಾಲ ಕಳೆದು ಬಂದು ಆಮೇಲೆ ಮಾತಾಡಲಿ.

ಇಂಥ ಗಾಳಿಯಲ್ಲಿ ಬೆಳೆದವರಿಗೆ ಅರ್ಧ ಕಿವುಡು ಸಹಜ. ತಾಬಿಲ್ದಿಗೆ ಮಾತ್ರ ದೇವರು ಇಡೀ ಊರಿನ ಕಿವಿಯನ್ನು ಒಬ್ಬನಿಗೇ ಕೊಟ್ಟಿದ್ದ. ರಾಜಧಾನಿಯ ರೇಡಿಯೊದಲ್ಲಿ ಮೈಕು ಹಿಡಿದು ದನಿ ಹಿಡಿಯುವ, ಅಂದರೆ ರೆಕಾರ್ಡ್ ಮಾಡುವ ಕೆಲಸ ಮಾಡಿ, ಬೆನ್ನುನೋವು ತಂದುಕೊಂಡು ಊರಿಗೆ ಮರಳಿದವನು ಅವನು. ಗೋಡೆಯಾಚೆ ಚಹಾದ ಸಮೋವರ್ ಕುದಿಯುವ ಸದ್ದು ಕೇಳಿದರೆ ಆ ಮನೆಯ ಗಂಡಹೆಂಡಿರು ಮಾತಾಡಿಕೊಳ್ಳುತ್ತಿದ್ದಾರೋ ಮುನಿಸಿಕೊಂಡಿದ್ದಾರೋ ಹೇಳುತ್ತಿದ್ದ. ಊರಿಗೆ ಬಂದವನು ಸುಮ್ಮನೆ ಕೂರಲಿಲ್ಲ. ಹಳೆಯ ಸಂಸ್ಕೃತಿ ಭವನದ ಸೋರುವ ಕೋಣೆಯೊಂದನ್ನು ಗುಡಿಸಿ, ಎಲ್ಲಿಂದಲೋ ಕಾಡಿಬೇಡಿ ತಂದ ಕಂಪ್ಯೂಟರುಗಳನ್ನು ಜೋಡಿಸಿ, ಪ್ರೌಢಶಾಲೆಯ ಮಕ್ಕಳಿಗೆ ಪುಕ್ಕಟೆ ಪಾಠ ಶುರು ಮಾಡಿದ. ಚಿತ್ರ ಬರೆಯುವುದು, ಫೋಟೊ ತೆಗೆಯುವುದು, ದನಿ ಹಿಡಿಯುವುದು, ಹಿಡಿದದ್ದನ್ನು ಕತ್ತರಿಸಿ ಹೊಲಿಯುವುದು. ಶಾಲೆ ಬಿಟ್ಟ ಮೇಲೆ ಬರಬೇಕು, ಬೂಟು ಬಾಗಿಲಲ್ಲಿ ಬಿಡಬೇಕು, ಇಷ್ಟೇ ಅವನ ಕಾನೂನು.

ಅಲ್ಲಿಗೆ ಬರುತ್ತಿದ್ದ ಮಕ್ಕಳಲ್ಲಿ ಕುಂದುಜ್ ಎಂಬ ಹುಡುಗಿ ಹತ್ತನೆಯ ತರಗತಿಯವಳು. ಮಾತು ಕಡಿಮೆ, ಕಿವಿ ಚುರುಕು. ತಾಯಿ ಅವಳು ಮಗುವಾಗಿದ್ದಾಗಲೇ ತೀರಿಕೊಂಡಿದ್ದಳು. ತಂದೆ ಜೊಲ್ದೊಶ್ ರಷ್ಯಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಅಜ್ಜಿ ಸೆಯಿಲ್‌ಕಾನ್ ಮತ್ತು ಟ್ಯಾಕ್ಸಿ ಓಡಿಸುವ ಚಿಕ್ಕಪ್ಪ ಶಮ್‌ಶಿ, ಅವನ ಹೆಂಡತಿಯ ಜೊತೆ ಅವಳ ವಾಸ. ಹಾಲಿನಿಂದ ಕೆನೆ ತೆಗೆಯುವ ಯಂತ್ರದ ಗುಂಯ್‌ಗುಡುವಿಕೆ, ಹೆಣ್ಣುಕುದುರೆಯ ಹಾಲನ್ನು ಚರ್ಮದ ಚೀಲದಲ್ಲಿ ಕಡೆಯುವಾಗಿನ ದೊಪ್ ದೊಪ್, ಇವನ್ನೆಲ್ಲ ಅವಳು ಹಿಡಿದು ತಂದು ಕಂಪ್ಯೂಟರಿಗೆ ಹಾಕುತ್ತಿದ್ದಳು.

"ನೀನು ಸದ್ದನ್ನ ಹಿಡಿಯಲ್ಲ ಕಣಮ್ಮ, ಅದೇ ಬಂದು ನಿನ್ನ ಮಡಿಲಲ್ಲಿ ಕೂರುತ್ತೆ," ಎಂದು ತಾಬಿಲ್ದಿ ಒಂದು ದಿನ ಹೇಳಿದ. ಅವನು ಹೊಗಳಿದ್ದು ಆ ವರ್ಷದಲ್ಲಿ ಅದೊಂದೇ ಸಲ ಎಂದು ಉಳಿದ ಮಕ್ಕಳು ಹೊಟ್ಟೆ ಉರಿದುಕೊಂಡರು.

ಆ ಶರತ್ಕಾಲದಲ್ಲಿ ಜೊಲ್ದೊಶ್ ಸತ್ತ. ಕೂಲಿಗಳು ಮಲಗಿದ್ದ ಮರದ ಶೆಡ್ಡಿಗೆ ಬೆಂಕಿ ಬಿದ್ದಿತ್ತು. ಶಮ್‌ಶಿ ಓಡಿಹೋಗಿ ನೋಡುವಷ್ಟರಲ್ಲಿ ಅಲ್ಲಿ ದುಡಿಯುತ್ತಿದ್ದ ಅವರ ನಾಡಿನವರು ಸತ್ತವರನ್ನೆಲ್ಲ ಆ ಊರಿನ ಸ್ಮಶಾನದಲ್ಲಿ ಸಾಲಾಗಿ ಮಣ್ಣು ಮಾಡಿದ್ದರು. ಅಣ್ಣನನ್ನು ಸ್ವಂತ ಮಣ್ಣಿಗೆ ತರಲಾಗಲಿಲ್ಲ ಎಂಬ ಅವಮಾನ ಹೊತ್ತುಕೊಂಡು ಅವನು ವಾಪಸು ಬಂದ. ಕಾವಲುಗಾರನ ಕೋಣೆಯಲ್ಲಿ ಚಾರ್ಜಿಗೆ ಹಾಕಿದ್ದ ಅಣ್ಣನ ಫೋನು ಉಳಿದಿತ್ತು. ಅದನ್ನು ಕೋಟಿನ ಒಳಜೇಬಿನಲ್ಲಿಟ್ಟು ತಂದ.

ಸಾವಿನ ಸುದ್ದಿಯನ್ನು ಹೆತ್ತವಳಿಗೆ ಒಬ್ಬರೇ ಹೋಗಿ ಹೇಳುವುದು ಅಲ್ಲಿಯ ಪದ್ಧತಿಯಲ್ಲ. ಹಿರಿಯರೆಲ್ಲ ಸೇರಿ, ಜೊತೆಯಾಗಿ ಮನೆಗೆ ಹೋಗಿ, ಮೆಲ್ಲಗೆ ಕಿವಿಗೆ ಹಾಕಬೇಕು. ಅವರು ಹೇಳುವ ತನಕ ಮನೆಯಲ್ಲಿ ಯಾರೂ ಅಳಕೂಡದು. ಶಮ್‌ಶಿ ಹಿರಿಯರ ಕಾಲು ಹಿಡಿದ.

"ಅಮ್ಮನ ಎದೆಯ ಕವಾಟ ಕೆಟ್ಟಿದೆ. ಆಪರೇಷನ್ ಆಗೋ ತನಕ ಸಣ್ಣ ಆಘಾತವೂ ಆಗಬಾರದು ಅಂತ ಡಾಕ್ಟರು ಹೇಳಿದ್ದಾರೆ. ಈಗ ಹೇಳಿದ್ರೆ ಮಗನ ಹಿಂದೆ ತಾಯೀನೂ ಹೋಗ್ತಾಳೆ. ಸ್ವಲ್ಪ ತಡೀರಿ."

ಹಿರಿಯರು ಒಪ್ಪಿದರು. ಊರಿಗೆ ಊರೇ ಬಾಯಿಗೆ ಬೀಗ ಹಾಕಿಕೊಂಡಿತು. ಯಾರ ಮನೆಯ ಕುರಿ ಸೀನಿದರೂ ಮಧ್ಯಾಹ್ನದೊಳಗೆ ಮೂರೂರಿಗೆ ಸಾರುವ ಅಕ್-ಜಾರ್‌ನ ಹೆಂಗಸರು, ಸೆಯಿಲ್‌ಕಾನ್ ಅಜ್ಜಿ ಎದುರಿಗೆ ಸಿಕ್ಕರೆ, "ನಿಮ್ಮ ದೊಡ್ಡ ಮಗ ಹೇಗಿದ್ದಾನೆ ಅಪಾ? ಚಳಿ ಜಾಸ್ತಿಯಂತೆ ಅಲ್ಲಿ," ಎಂದು, ತಾಯಿಯನ್ನೂ ಅಜ್ಜಿಯನ್ನೂ ಅಲ್ಲಿ ಕರೆಯುವ 'ಅಪಾ' ಎಂಬ ಹೆಸರಿನಲ್ಲೇ ಕೇಳಿ, ಮುಖ ತಿರುಗಿಸಿಕೊಂಡು ಬೇಗ ಬೇಗ ನಡೆದುಬಿಡುತ್ತಿದ್ದರು.

ಕುಂದುಜ್‌ಗೆ ಅಳಲು ಜಾಗ ಇರಲಿಲ್ಲ. ಅಪ್ಪ ಸತ್ತರೆ ಮಗಳು ಗೋಡೆಗೆ ಮುಖ ಮಾಡಿ ಕೂತು, ಸೊಂಟಕ್ಕೆ ಕೈ ಕೊಟ್ಟು, ಅವನ ಗುಣ ಹಾಡಿ ಅಳಬೇಕು. ಅದು ಮಗಳ ಹಕ್ಕು, ಮಗಳ ಸಾಲ. ಅವಳಿಗೆ ಸಿಕ್ಕಿದ್ದು ಹಾಲಿನ ಕೊಟ್ಟಿಗೆ. ಕೆನೆ ಯಂತ್ರ ತಿರುಗಿಸಿ, ಅದರ ಸದ್ದಿನ ಅಡಿಯಲ್ಲಿ ಬಾಯಿಗೆ ತಲೆವಸ್ತ್ರ ತುರುಕಿಕೊಂಡು ಬಿಕ್ಕುತ್ತಿದ್ದಳು. ಆ ತಿಂಗಳಲ್ಲಿ ಆ ಮನೆಯಲ್ಲಿ ತೆಗೆದಷ್ಟು ಕೆನೆಯನ್ನು ಯಾವ ಮನೆಯಲ್ಲೂ ತೆಗೆದಿರಲಿಲ್ಲ.

"ಏನೇ ಇದು, ಒಂದು ಹಸುವಿಗೆ ಇಷ್ಟು ಬೆಣ್ಣೆ?" ಎಂದು ಅಜ್ಜಿ ನಕ್ಕಳು. "ನಿಮ್ಮಪ್ಪನಿಗೆ ಹೇಳು, ಹಸು ಅಲ್ಲ ಕಾರಂಜಿ ಸಾಕಿದ್ದೀವಿ ಅಂತ."

ತೊಡಕು ಬಂದದ್ದು ಬೇರೆ ಕಡೆಯಿಂದ. ಆಪರೇಷನ್ನಿಗೆ ದಿನ ಗೊತ್ತು ಮಾಡೋಣ ಎಂದರೆ ಅಜ್ಜಿ ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

"ನನ್ನ ದೊಡ್ಡ ಮಗನ ಬಾಯಲ್ಲಿ ಬರಲಿ. ಅವನು 'ಮಾಡಿಸ್ಕೋ' ಅಂದ್ರೆ ನಾನೇ ನಡ್ಕೊಂಡು ಹೋಗಿ ಮೇಜಿನ ಮೇಲೆ ಮಲಗ್ತೀನಿ. ನಿನ್ನ ಮಾತಿಗೆ ಅಲ್ಲ, ಶಮ್‌ಶಿ. ನೀನು ನಿನ್ನ ಟ್ಯಾಕ್ಸಿ ಬ್ರೇಕೇ ಸರಿ ಮಾಡಿಸಲ್ಲ, ನನ್ನ ಎದೆ ಮಾಡಿಸ್ತೀಯಾ?"

"ಅವನು ಉತ್ತರದ ಕಾಡಲ್ಲಿದ್ದಾನೆ ಅಮ್ಮ, ಫೋನು ಸಿಗಲ್ಲ."

"ಸಿಕ್ಕಾಗ ಮಾತಾಡ್ಲಿ. ನಾನೇನು ಎಲ್ಲಿಗೂ ಓಡಿಹೋಗಲ್ಲ."

ಡಾಕ್ಟರು ಹೇಳಿದ್ದು ಬೇರೆ: ವಸಂತ ದಾಟಿದರೆ ಆ ಎದೆ ಚಾಕುವನ್ನೂ ತಡೆಯುವುದಿಲ್ಲ. ಒಂದು ಮಧ್ಯಾಹ್ನ ಶಮ್‌ಶಿ ಸಂಸ್ಕೃತಿ ಭವನದ ಮೆಟ್ಟಿಲಿಗೆ ಬಂದು ಕುಂದುಜ್‌ಳನ್ನು ಹೊರಗೆ ಕರೆದ. ಕೈಯಲ್ಲಿ ಅಣ್ಣನ ಫೋನು ಹಿಡಿದಿದ್ದ.

"ನಿಮ್ಮಪ್ಪ ನಂಗೆ, ನಿಂಗೆ, ಅಮ್ಮಂಗೆ ಮಾತಾಡಿ ಕಳಿಸಿದ್ದೆಲ್ಲ ಇದರಲ್ಲಿದೆ. ಮಾತುಗಳನ್ನ ಕತ್ತರಿಸಿ ಜೋಡಿಸೋಕೆ ಬರುತ್ತಂತಲ್ಲ ನಿಂಗೆ?"

"ಬರುತ್ತೆ. ಯಾಕೆ ಚಿಕ್ಕಪ್ಪ?"

ಅವನು ಅವಳ ಮುಖ ನೋಡದೆ ಹೇಳಿದ. "'ಮಾಡಿಸ್ಕೋ' ಅನ್ನಬೇಕು. ಅಷ್ಟೇ. ಅವನ ದನೀಲಿ."

ಕುಂದುಜ್ ಫೋನನ್ನು ಮುಟ್ಟಲಿಲ್ಲ. "ಅದು ಅಪ್ಪನ ದನಿ, ಚಿಕ್ಕಪ್ಪ."

"ಅದಕ್ಕೇ ಕೇಳ್ತಿರೋದು. ನನ್ನ ದನಿಗೆ ಬೆಲೆ ಇದ್ದಿದ್ರೆ ನಿನ್ನ ಹತ್ರ ಯಾಕೆ ಬರ್ತಿದ್ದೆ? ಇರೋ ಒಬ್ಬಳನ್ನಾದ್ರೂ ಉಳಿಸಿಕೊಳ್ಳೋಣ ಮಗಾ."

ಶಮ್‌ಶಿಯಂಥ ಗಂಡಸು, ಕಣಿವೆಯ ತಿರುವಿನಲ್ಲಿ ಕೈಬಿಟ್ಟು ಟ್ಯಾಕ್ಸಿ ಓಡಿಸುತ್ತಾ ಹಾಡುವವನು, ಅವಳ ಮುಂದೆ ಟೋಪಿ ತೆಗೆದು ನಿಂತಿದ್ದ. ಅವಳು ಫೋನು ತೆಗೆದುಕೊಂಡಳು.

ಹಲವು ಮಧ್ಯಾಹ್ನಗಳು ಹೆಡ್‌ಫೋನು ಹಾಕಿಕೊಂಡು ಕೂತಳು. ಅಪ್ಪ ಕಿವಿಯೊಳಗೆ ಕೆಮ್ಮಿದ, ಬೈದ, ಬಸ್ಸಿಗೆ ಓಡುತ್ತಾ ಏದುಸಿರು ಬಿಟ್ಟ, ಅವಳ ಹುಟ್ಟುಹಬ್ಬಕ್ಕೆ ರಾಗವಿಲ್ಲದೆ ಹಾಡಿದ. ಅಲ್ಲೊಂದು ಮಾತು, ಇಲ್ಲೊಂದು ಮಾತು ಕಿತ್ತು ಸಾಲು ಹಚ್ಚಿದಳು. ಹಿಂದಿನಿಂದ ತಾಬಿಲ್ದಿ ಬಂದು ನಿಂತದ್ದು ಅವಳಿಗೆ ಗೊತ್ತಾಗಲಿಲ್ಲ. ಜೊಲ್ದೊಶ್ ಸತ್ತದ್ದು ಊರಿನವರಂತೆ ಅವನಿಗೂ ಗೊತ್ತಿತ್ತು. ಹುಡುಗಿ ತನ್ನ ಸಮಾಧಾನಕ್ಕೆ ಅಪ್ಪನ ದನಿ ಜೋಡಿಸಿಡುತ್ತಿದ್ದಾಳೆ ಎಂದುಕೊಂಡ.

"ಒಂದು ಹೇಳ್ಲಾ?" ಎಂದ. "ಮಾತು ಮಾತ್ರ ಇಟ್ಟು ಉಸಿರೆಲ್ಲ ಕತ್ತರಿಸಿದ್ದೀಯ. ಮನುಷ್ಯ ಮಾತಿಗೆ ಮುಂಚೆ ಉಸಿರು ಎಳ್ಕೋತಾನೆ. ಆ ಉಸಿರು ತಂದು ಹಾಕು. ಇಲ್ದಿದ್ರೆ ಸತ್ತವರು ಮಾತಾಡಿದ ಹಾಗಿರುತ್ತೆ."

ಅಂದ ಮೇಲೆ ತಾನೇ ನಾಲಿಗೆ ಕಚ್ಚಿಕೊಂಡ. ಕುಂದುಜ್ ತಲೆ ಎತ್ತಲಿಲ್ಲ. ಅಪ್ಪನ ಉಸಿರುಗಳನ್ನು ಹುಡುಕಿ, ಒಂದೊಂದನ್ನೂ ಎತ್ತಿ ತಂದು, ಮಾತಿನ ಮುಂದೆ ಕೂರಿಸಿದಳು.

ಜೊಲ್ದೊಶ್‌ನ ಫೋನಿನಿಂದ ಆ ಸಂದೇಶ ಅಜ್ಜಿಯ ಫೋನಿಗೆ ಬಂದಾಗ ಮನೆಯವರೆಲ್ಲ ನೆಲದ ಮೇಲೆ ಹಾಸಿದ ಊಟದ ಬಟ್ಟೆಯ ಸುತ್ತ ಕೂತಿದ್ದರು. "ಅಪಾ," ಎಂದ ಜೊಲ್ದೊಶ್. "ಹೆದರ್ಬೇಡ. ಮಾಡಿಸಿಬಿಡು. ಒಂದು ಗಳಿಗೆ ನೋವು, ಆಮೇಲೆ ಏನೂ ಇಲ್ಲ."

ಅಜ್ಜಿ ಫೋನನ್ನು ಕಿವಿಯಿಂದ ಇಳಿಸಿ ಅದನ್ನೇ ದುರುಗುಟ್ಟಿ ನೋಡಿದಳು. ಶಮ್‌ಶಿಯ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು.

"ಎಂಥ ಮಗ ನೋಡು. ನನ್ನ ಮಂಡಿ ಹೇಗಿದೆ ಕೇಳಲಿಲ್ಲ, ಹಸು ಕರು ಹಾಕ್ತಾ ಕೇಳಲಿಲ್ಲ, ಪಕ್ಕದ್ಮನೆ ಮುದುಕ ಬದುಕಿದ್ದಾನಾ ಕೇಳಲಿಲ್ಲ. ಎದ್ದವನೇ 'ಮಾಡಿಸಿಬಿಡು' ಅಂತಾನೆ, ಕುದುರೆಗೆ ಹೇಳಿದ ಹಾಗೆ! ರಷ್ಯಾದವರ ಜೊತೆ ಸೇರಿ ಮರ್ಯಾದೆ ಮರೆತಿದ್ದಾನೆ. ನೆಟ್ಟಗೆ ಕೇಳಲಿ, ಆಮೇಲೆ ನೋಡೋಣ."

ತಪ್ಪು ಕುಂದುಜ್‌ಳದೇ. ಅವರಲ್ಲಿ ಜಾನುವಾರು, ಮೈಕೈ, ನೆಂಟರಿಷ್ಟರ ಕ್ಷೇಮ ಕೇಳದೆ ವಿಷಯಕ್ಕೆ ಬರುವವನು ಒಬ್ಬ ಪೊಲೀಸ್, ಇಲ್ಲವೇ ಬೆಂಕಿ ಬಿದ್ದ ಮನೆಯವನು. ಅವಳು ಮತ್ತೆ ಕೂತಳು. ಹಳೆಯ ಸಂದೇಶಗಳಿಂದ ಹಸುವನ್ನು ತಂದಳು, ಮಂಡಿನೋವನ್ನು ತಂದಳು, ಪಕ್ಕದ ಮನೆಯ ಮುದುಕನನ್ನು ತಂದಳು. ಎರಡನೆಯ ಸಂದೇಶ ಎಷ್ಟು ಚೆನ್ನಾಗಿತ್ತೆಂದರೆ, ಕೇಳುತ್ತಿದ್ದಾಗ ಶಮ್‌ಶಿಯೇ ಒಂದು ಕ್ಷಣ ಬಾಗಿಲ ಕಡೆ ನೋಡಿದ.

ಅಜ್ಜಿಯ ಮುಖ ಅರಳಿತು. "ಈಗ ನನ್ನ ಮಗ ಮಾತಾಡಿದ. ಆಯ್ತು ಕಣಪ್ಪ, ಹೋಗ್ತೀನಿ," ಎಂದು ಫೋನಿಗೇ ಉತ್ತರ ಕೊಟ್ಟಳು. ಆಮೇಲೆ ಅದನ್ನು ಎದುರಿಗಿಟ್ಟು, ಎರಡೂ ಅಂಗೈ ಬಿಡಿಸಿ ಮೇಲೆತ್ತಿದಳು. ಹಿರಿಯರು ಹರಸುವಾಗ ಸುತ್ತ ಕೂತವರೂ ಕೈಯೆತ್ತಬೇಕು. ಶಮ್‌ಶಿ ಎತ್ತಿದ, ಅವನ ಹೆಂಡತಿ ಎತ್ತಿದಳು, ಕುಂದುಜ್ ಎತ್ತಿದಳು.

"ನನ್ನ ಜೊಲ್ದೊಶ್‌ಗೆ ದೀರ್ಘಾಯಸ್ಸಿರಲಿ. ನನ್ನ ಮಿಕ್ಕಿದ ದಿನಗಳೂ ಅವನಿಗೇ ಸೇರಲಿ. ಕಾಲಿಟ್ಟ ದಾರಿ ಬೆಳ್ಳಗಿರಲಿ, ಹಲ್ಲು ಬಿದ್ದ ಮುದುಕನಾಗಿ ಈ ಒಲೆ ಮುಂದೆ ಕೂತು ಮೊಮ್ಮಕ್ಕಳನ್ನ ಬೈಯಲಿ. ಆಮೀನ್."

"ಆಮೀನ್," ಎಂದು ಎಲ್ಲರೂ ಅಂಗೈಗಳನ್ನು ಮುಖದ ಮೇಲೆ ಸವರಿಕೊಂಡರು. ಕುಂದುಜ್‌ಳ ಕೈ ಹಣೆಯಿಂದ ಗಲ್ಲಕ್ಕೆ ಇಳಿಯುವಾಗ ದಾರಿಯಲ್ಲಿ ನಿಂತುಹೋಯಿತು. ಮಣ್ಣಿನಡಿ ಮಲಗಿದವನ ದೀರ್ಘಾಯಸ್ಸಿಗೆ ಅವಳು ಆಮೀನ್ ಹೇಳಿದ್ದಳು. ಮುದುಕಿ ತನ್ನ ಮಿಕ್ಕಿದ ದಿನಗಳನ್ನು ಇಲ್ಲದವನಿಗೆ ಬರೆದುಕೊಟ್ಟಿದ್ದಳು, ಅದೂ ಇವಳು ಹೊಲಿದ ದನಿಯನ್ನು ನಂಬಿ. ಅಜ್ಜಿ ಚಾಕುವಿನ ಕೆಳಗೆ ಸತ್ತರೆ ಮಗನಿಗಾಗಿ ಒಂದು ಹನಿ ಕಣ್ಣೀರು ಹಾಕದೆ ಸತ್ತ ಹಾಗೆ. ಬದುಕಿ ಬಂದರೆ, ಆ ಹರಕೆಯ ನೆನಪಿನ ಜೊತೆ ಬದುಕಬೇಕು.

ಮಾರನೆಯ ದಿನ ಅವಳು ತಾಬಿಲ್ದಿಯ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಅವನು ಬೆನ್ನು ಹಿಡಿದುಕೊಂಡು ಮೆಲ್ಲಗೆ ಕುರ್ಚಿಯ ಮೇಲೆ ಕೂತ.

"ಉಸಿರು ಹಾಕು ಅಂದವನು ನಾನೇ ಅಲ್ವಾ?"

"ಹೌದು, ತಾಬಿಲ್ದಿ ಅಣ್ಣ."

"ಕತ್ತರಿ ಹಿಡಿಯೋದು ಕಲಿಸಿದೆ. ಯಾವ ಬಟ್ಟೆ ಕತ್ತರಿಸ್ತಿದ್ದೀಯ ಅಂತ ಕೇಳಲೇ ಇಲ್ಲ." ಅವಳಿಗೂ ಒಂದು ಕುರ್ಚಿ ಎಳೆದುಕೊಟ್ಟ. "ಏನು ಮಾಡಬೇಕು ಅಂತಿದ್ದೀಯ?"

"ಅಪಾಗೆ ಹೇಳಬೇಕು. ಮಲಗೋ ಮುಂಚೆ. ಆದ್ರೆ ಹೇಳಿದ್ರೆ ಎದೆ ಒಡೆದು ಸತ್ತೋದ್ರೆ?"

"ಆಗಬಹುದು," ಎಂದ ಅವನು. ಸುಳ್ಳು ಸಮಾಧಾನ ಅವನ ಬಾಯಿಗೆ ಬರುತ್ತಿರಲಿಲ್ಲ. "ಆಗೋದಿಲ್ಲ ಅಂತ ನಾನು ಹೇಳಲಾರೆ. ಇದು ನೀನು ಹೇಳೋ ಮಾತೂ ಅಲ್ಲ, ನಾನು ಹೇಳೋದೂ ಅಲ್ಲ. ಅಸಾನ್‌ಕುಲ್ ತಾತನ ಹತ್ರ ಹೋಗು."

ಅಸಾನ್‌ಕುಲ್ ಊರಿನ ಬಿಳಿಗಡ್ಡದವರಲ್ಲಿ ಹಿರಿಯ. ಅವನ ಗಡ್ಡದಲ್ಲಿ ಗುಬ್ಬಿ ಗೂಡು ಕಟ್ಟಿ, ಮರಿ ಮಾಡಿ, ಹಾರಿಹೋಗುವವರೆಗೂ ಅವನು ತಲೆ ಅಲ್ಲಾಡಿಸದೆ ಕೂತಿದ್ದ ಎಂದು ಜನ ಹೇಳುತ್ತಾರೆ. ಅಷ್ಟು ತಾಳ್ಮೆ. ಕುಂದುಜ್‌ಳ ಮಾತನ್ನು ಕೊನೆಯ ತನಕ ಕೇಳಿದ. ಆಮೇಲೆ ಕೋಲು ಹಿಡಿದು ಎದ್ದ.

"ನಾವೂ ತಪ್ಪು ಮಾಡಿದ್ವಿ ಮಗಳೇ. ತಡೀರಿ ಅಂದ್ರೆ ತಡೆದ್ವಿ. ಶುಕ್ರವಾರ ಬರ್ತೀವಿ. ಊರಿನ ಡಾಕ್ಟರಮ್ಮನಿಗೂ ಹೇಳಿಡ್ತೀನಿ, ಔಷಧಿ ಚೀಲ ಹಿಡ್ಕೊಂಡು ಹಿಂದೆ ಇರಲಿ."

ಶಮ್‌ಶಿಗೆ ಗೊತ್ತಾದಾಗ ಅವನು ಕೂಗಾಡಿದ. "ಒಪ್ಪಿದ್ಲಲ್ಲೇ! ಇನ್ನೊಂದು ವಾರ ಬಾಯಿ ಮುಚ್ಕೊಂಡಿದ್ರೆ ಮುಗೀತಿತ್ತು! ಅವಳಿಗೇನಾದ್ರೂ ಆದ್ರೆ ನಿನ್ನ ಮುಖ ನಾನು ನೋಡಲ್ಲ!" ಕೂಗಿ ಕೂಗಿ ಸಾಕಾಗಿ ಟ್ಯಾಕ್ಸಿಯ ಬಾನೆಟ್ಟಿಗೆ ತಲೆಯಿಟ್ಟು ನಿಂತ. ಆದರೂ ಶುಕ್ರವಾರ ಬಾಡಿಗೆಗೆ ಹೋಗದೆ ಮನೆಯಲ್ಲೇ ಉಳಿದ.

ಹಬ್ಬವಿಲ್ಲದ ದಿನ, ಊಟದ ಹೊತ್ತಲ್ಲದ ಹೊತ್ತಿನಲ್ಲಿ, ಬಿಳಿಗಡ್ಡದವರು ಗುಂಪಾಗಿ ಗೇಟು ದಾಟಿದರೆ ಅದರ ಅರ್ಥ ಅಲ್ಲಿ ಕೈಗೂಸಿಗೂ ಗೊತ್ತು. ಅಂಗಳದಲ್ಲಿ ಉಣ್ಣೆ ಬಿಡಿಸುತ್ತಿದ್ದ ಸೆಯಿಲ್‌ಕಾನ್ ಅಜ್ಜಿ ಅವರನ್ನು ಕಂಡು ನೆಟ್ಟಗೆ ಎದ್ದುನಿಂತಳು. ಮಡಿಲಿನ ಉಣ್ಣೆಯನ್ನೆಲ್ಲ ಗಾಳಿ ಹೊತ್ತೊಯ್ದಿತು.

"ಶಮ್‌ಶಿ!" ಎಂದು ಚೀರಿದಳು. "ಟ್ಯಾಕ್ಸಿ! ಕಣಿವೆ ರಸ್ತೆ!"

"ಇಲ್ಲೇ ಇದ್ದೀನಿ ಅಮ್ಮ," ಎಂದು ಶಮ್‌ಶಿ ಬಾಗಿಲಿಂದ ಹೊರಗೆ ಬಂದ.

ಅಜ್ಜಿ ಓಡಿ ಅವನ ಮುಖ, ಭುಜ, ಕೈ ಎಲ್ಲ ತಡವಿ ನೋಡಿದಳು. ಉಸಿರು ಬಿಟ್ಟಳು. ಕುಂದುಜ್ ಕಣ್ಣಿಗೆ ಬಿದ್ದಳು, ಅವಳೂ ಇದ್ದಾಳೆ. ಮುದುಕಿ ಬೆವರು ಒರೆಸಿಕೊಂಡು ಹಿರಿಯರ ಕಡೆ ತಿರುಗಿದಳು. "ಏನ್ರಪ್ಪಾ, ಹೀಗೆ ಬಂದು ಜೀವ ತೆಗೀತೀರಲ್ಲ? ಬನ್ನಿ, ಚಹಾ ಕುಡೀರಿ."

ಯಾರೂ ಕೂರಲಿಲ್ಲ. ಅಸಾನ್‌ಕುಲ್ ಟೋಪಿ ತೆಗೆದ. "ಸೆಯಿಲ್‌ಕಾನ್, ನಿನ್ನ ಗಂಡ ಹೋದಾಗ ಈ ಗೇಟಲ್ಲಿ ಬಂದವನು ನಾನೇ. ನೆನಪಿದೆಯಾ?"

"ನೆನಪಿದೆ."

"ಇವತ್ತೂ ನಾನೇ ಬಂದೆ, ತಂಗಿ."

"ಯಾಕೆ ಬಂದೆ? ನನ್ನ ಮಕ್ಕಳೆಲ್ಲ ನೆಟ್ಟಗಿದ್ದಾರೆ."

"ದೊಡ್ಡವನು ಇಲ್ಲ. ಶರತ್ಕಾಲದಲ್ಲೇ ಹೋದ. ಬೆಂಕಿ. ನಾವು ನಿನ್ನಿಂದ ಮುಚ್ಚಿಟ್ವಿ, ಆ ಪಾಪ ನಮ್ಮದು. ಗಟ್ಟಿಯಾಗು."

ಡಾಕ್ಟರಮ್ಮ ಒಂದು ಹೆಜ್ಜೆ ಮುಂದೆ ಬಂದಳು. ಅಜ್ಜಿ ಬೀಳಲಿಲ್ಲ, ಅಳಲಿಲ್ಲ. ಅವಳ ಮುಖದಲ್ಲಿ ಬಂದದ್ದು ಸಿಟ್ಟು.

"ನಾಲಿಗೆ ಬಿದ್ದುಹೋಗಲಿ ನಿಂದು, ಮುದುಕ! ಶರತ್ಕಾಲವಂತೆ! ಈ ವಾರ ನನ್ನ ಜೊತೆ ಮಾತಾಡಿದ್ದಾನೆ. ನನ್ನ ಮಂಡಿ ಕೇಳಿದ್ದಾನೆ, ಹಸು ಕೇಳಿದ್ದಾನೆ!" ಸೊಂಟದ ಚೀಲದಿಂದ ಫೋನು ತೆಗೆದು ಒತ್ತಿದಳು. ಅಂಗಳದ ಗಾಳಿಯಲ್ಲಿ ಜೊಲ್ದೊಶ್ ಉಸಿರೆಳೆದುಕೊಂಡು, "ಅಪಾ, ಮಂಡಿ ಹೇಗಿದೆ?" ಎಂದು ಕೇಳಿದ.

ಅಸಾನ್‌ಕುಲ್ ಒಂದು ಹೆಜ್ಜೆ ಹಿಂದೆ ಸರಿದ. ಇನ್ನೊಬ್ಬ ಹಿರಿಯ ದೇವರ ಹೆಸರು ಹೇಳಿಕೊಂಡ. ಎಷ್ಟೋ ಮನೆಗಳಿಗೆ ಸಾವಿನ ಸುದ್ದಿ ಮುಟ್ಟಿಸಿದ ಗಡ್ಡಗಳು ಅವು. ಸತ್ತವನೇ ಎದುರು ಮಾತಾಡಿದ್ದು ಅವರು ಕಂಡಿರಲಿಲ್ಲ. ಅಜ್ಜಿ ಫೋನನ್ನು ಎಲ್ಲರ ಮುಖಕ್ಕೂ ಹಿಡಿದು ತೋರಿಸುತ್ತಾ ಸುತ್ತಿದಳು. "ಕೇಳಿಸ್ತಾ? ಇದು ಸತ್ತವನ ಉಸಿರಾ? ಹೇಳಿ!"

ಕುಂದುಜ್ ಹಿರಿಯರನ್ನು ದಾಟಿ ಅಜ್ಜಿಯ ಎದುರಿಗೆ ಬಂದಳು.

"ಅಪಾ, ಅದು ನಾನು ಮಾಡಿದ್ದು."

"ಏನು ಮಾಡಿದ್ದು?"

"ಆ ಮಾತು. ಅಪ್ಪ ಹಾಗೆ ಹೇಳಲಿಲ್ಲ. ನಾನು ಜೋಡಿಸಿದ್ದು."

"ಮಾತೇನು ಹಸಿಮಣ್ಣಾ, ಜೋಡಿಸೋಕೆ? ಸುಮ್ನಿರು ಹುಚ್ಚಿ."

ಗೇಟಿನಲ್ಲಿ ತಾಬಿಲ್ದಿ ನಿಂತಿದ್ದ. ಕಂಕುಳಲ್ಲಿ ಕುಂದುಜ್ ಕೆಲಸ ಮಾಡುತ್ತಿದ್ದ ಲ್ಯಾಪ್‌ಟಾಪ್ ಇತ್ತು. ಹಿರಿಯರ ಜೊತೆ ಸೇರುವ ವಯಸ್ಸಲ್ಲ ಎಂದು ಹೊರಗೇ ನಿಂತಿದ್ದವನು, ಅಂಗಳದಲ್ಲಿ ಅದರ ಅವಶ್ಯಕತೆ ಬಂದದ್ದನ್ನು ಕೇಳಿಸಿಕೊಂಡು ಒಳಗೆ ಬಂದ. ಉಣ್ಣೆ ಬಿಡಿಸುವ ಚಾಪೆಯ ಮೇಲೆ ಅದನ್ನಿಟ್ಟು, ಕುಂದುಜ್‌ಗೆ, "ಬಿಚ್ಚು," ಎಂದಷ್ಟೇ ಹೇಳಿ ಪಕ್ಕಕ್ಕೆ ಸರಿದ.

ಅವಳು ಮಂಡಿಯೂರಿ ಕೂತಳು. ಪರದೆಯ ಮೇಲೆ ಅಪ್ಪನ ದನಿ ಸಣ್ಣ ಸಣ್ಣ ತುಂಡುಗಳಾಗಿ, ಹರಿದ ದಾರದಂತೆ ಸಾಲಾಗಿ ಬಿದ್ದಿತ್ತು. ಒಂದನ್ನು ಒತ್ತಿದಳು.

"ಅಪಾ," ಎಂದಿತು ತುಂಡು.

"ಇದು ಹೋದ ವರ್ಷ ಹಬ್ಬದ ದಿನ ನಿಮಗೆ ಕಳಿಸಿದ್ದರ ಮೊದಲ ಮಾತು." ಇನ್ನೊಂದನ್ನು ಒತ್ತಿದಳು. "ಮಂಡಿ ಹೇಗಿದೆ?" ಎಂದಿತು ಅದು. "ಇದು ಚಿಕ್ಕಪ್ಪ ಕುದುರೆ ಮೇಲಿಂದ ಬಿದ್ದಾಗ ಅವರನ್ನ ಕೇಳಿದ್ದು, ನಿಮ್ಮನ್ನಲ್ಲ." ಇನ್ನೊಂದು. "ಹೆದರ್ಬೇಡ. ಮಾಡಿಸಿಬಿಡು. ಒಂದು ಗಳಿಗೆ ನೋವು."

ಅವಳು ನಿಲ್ಲಿಸಿದಳು. ಅಜ್ಜಿ ಅವಳ ಪಕ್ಕದಲ್ಲಿ ಕೂತಿದ್ದಳು, ಯಾವಾಗ ಕೂತಳೋ.

"ಅದು ಯಾರಿಗೆ ಹೇಳಿದ್ದು?"

"ಕೆಂದು ಬಣ್ಣದ ಗಂಡು ಕುದುರೆಮರಿ ಇತ್ತಲ್ಲ ಅಪಾ. ಅದಕ್ಕೆ ಬೀಜ ಒಡೆಸಬೇಕೋ ಬೇಡವೋ ಅಂತ ಚಿಕ್ಕಪ್ಪ ಕೇಳಿದ್ರು. ಅದಕ್ಕೆ ಅಪ್ಪ ಹೇಳಿದ್ದು."

ಅಜ್ಜಿಯ ಬಾಯಿಂದ ನಗುವಿನಂಥ ಒಂದು ಸದ್ದು ಬಂತು. ಅಂಗಳದಲ್ಲಿ ಯಾರಿಗೂ ಮುಖ ಎತ್ತಲಾಗಲಿಲ್ಲ. "ಕುದುರೆಗೆ ಹೇಳಿದ ಹಾಗಿದೆ ಅಂತ ಅಂದೆನಲ್ಲೇ ನಾನು," ಎಂದಳು. "ಅಂದೆ. ಅಂದೂ ನಂಬಿದೆ." ಆಮೇಲೆ ಪರದೆಯ ಮೇಲೆ ಬೆರಳಿಟ್ಟಳು. "ಈ ಸಣ್ಣವು ಏನು? ಮಾತೇ ಇಲ್ಲ ಇದರಲ್ಲಿ."

"ಉಸಿರು. ಬೇರೆ ಕಡೆಯಿಂದ ತಂದದ್ದು."

"ಶರತ್ಕಾಲ ಆದ ಮೇಲಿನದು ಒಂದಾದ್ರೂ ಇದೆಯಾ? ಒಂದು ಉಸಿರಾದ್ರೂ?"

"ಇಲ್ಲ ಅಪಾ. ಅಲ್ಲಿಂದಾಚೆಗೆ ಏನೂ ಇಲ್ಲ."

ಆಗ ಸುದ್ದಿ ಮನೆ ಸೇರಿತು. ಮುದುಕಿ ಮುಂದಕ್ಕೆ ಬಾಗಿದಳು, ಬಾಗಿ ಬಾಗಿ ಹಣೆ ಚಾಪೆಗೆ ತಾಗಿತು. ಡಾಕ್ಟರಮ್ಮ ಓಡಿಬಂದು ನಾಲಿಗೆಯಡಿ ಗುಳಿಗೆ ಇಟ್ಟಳು, ನಾಡಿ ಹಿಡಿದು ಕೂತಳು. ಶಮ್‌ಶಿ ತಾಯಿಯ ಪಾದ ಹಿಡಿದುಕೊಂಡ. ಆ ಹೊತ್ತು ಅಕ್-ಜಾರ್‌ನ ಗಾಳಿಯೂ ನಿಂತಿತ್ತು ಎಂದು ಅಲ್ಲಿದ್ದವರೆಲ್ಲ ಆಣೆ ಮಾಡುತ್ತಾರೆ. ಸರೋವರದ ಒಂದು ಅಲೆ ದಡಕ್ಕೆ ಬಾರದೆ ನೀರಿನ ಮೇಲೇ ಕಾದು ನಿಂತಿತ್ತಂತೆ.

ಅವಳು ಸಾಯಲಿಲ್ಲ. ತಲೆ ಎತ್ತಿದಾಗ ಕಣ್ಣು ಒಣಗಿತ್ತು. ಕುಂದುಜ್‌ಳನ್ನು ನೋಡಿದ ನೋಟದಲ್ಲಿ ಕರುಣೆ ಇರಲಿಲ್ಲ.

"ನನ್ನ ಕೈಯಲ್ಲಿ ಸತ್ತವನಿಗೆ ಆಯಸ್ಸು ಹರಸೋ ಹಾಗೆ ಮಾಡಿದ್ರಲ್ಲ. ನೀನೂ ಆಮೀನ್ ಅಂದೆ."

"ಅಂದೆ."

"ಅದನ್ನ ನಾನು ಮರೆಯಲ್ಲ. ಸದ್ಯಕ್ಕೆ ಮರೆಯಲ್ಲ."

"ಮರೀಬೇಡಿ ಅಪಾ."

ಮುದುಕಿ ಗೋಡೆ ಹಿಡಿದು ಎದ್ದಳು. "ಗುಡಾರ ಎತ್ತಿ," ಎಂದಳು ಗಂಡಸರಿಗೆ. "ನನ್ನ ಮಗ ಇವತ್ತು ಸತ್ತ."

ಸಂಜೆಯೊಳಗೆ ಅಂಗಳದಲ್ಲಿ, ಸತ್ತವರಿಗಾಗಿ ಕೂತು ಅಳಲು ಕಟ್ಟುವ ಉಣ್ಣೆಯ ಗುಡಾರ ಎದ್ದಿತು. ಗಂಡಸರು ಬೀದಿಯ ತುದಿಯಿಂದಲೇ ಗಟ್ಟಿಯಾಗಿ ಅಳುತ್ತಾ ಬಂದರು. ಇಷ್ಟು ತಿಂಗಳು ಬಾಯಿಗೆ ಬೀಗ ಹಾಕಿದ್ದ ಹೆಂಗಸರು ಗೇಟಿಗೆ ಬರುವ ಮುಂಚೆಯೇ ಒಡೆದುಹೋದರು. ತಾಬಿಲ್ದಿ ಬಾಯಿ ಬಿಟ್ಟು ಅತ್ತ. ಅವನ ಜೇಬಿನಲ್ಲಿ ಯಾವಾಗಲೂ ಇರುತ್ತಿದ್ದ ಮೈಕನ್ನು ಬರುವಾಗ ಮನೆಯಲ್ಲೇ ಬಿಟ್ಟುಬಂದಿದ್ದ.

ಗುಡಾರದೊಳಗೆ ಕುಂದುಜ್ ಗೋಡೆಗೆ ಮುಖ ಮಾಡಿ ಕೂತಳು, ಸೊಂಟಕ್ಕೆ ಕೈ ಕೊಟ್ಟಳು. ಬಾಯಿ ತೆರೆದರೆ ಮಾತು ಬರಲಿಲ್ಲ. ಶರತ್ಕಾಲದಿಂದ ಅವಳು ಅಳುವನ್ನು ಅದುಮಿಡುವುದನ್ನಷ್ಟೇ ಕಲಿತಿದ್ದಳು. ಹಿಂದಿನಿಂದ ಅಜ್ಜಿಯ ದನಿ ಬಂತು, ತಗ್ಗಿದ, ಸಿಟ್ಟಿನ್ನೂ ಆರದ ದನಿ.

"ಅವನು ನಿನಗೆ ಏನು ಕೊಟ್ಟ, ಅದರಿಂದ ಶುರು ಮಾಡು."

"ಏನು ಅಪಾ?"

"ನಂಗೇನು ಗೊತ್ತು? ನಿಮ್ಮಪ್ಪ."

ಕುಂದುಜ್ ಯೋಚಿಸಿದಳು. ತನ್ನನ್ನು ಮೊದಲ ಸಲ ಕುದುರೆ ಹತ್ತಿಸಿ, ಲಗಾಮು ಬಿಟ್ಟುಕೊಟ್ಟು, ಪಕ್ಕದಲ್ಲೇ ಓಡಿ ಓಡಿ ಬೂಟು ಕಳೆದುಕೊಂಡ ಅಪ್ಪ. ಅದನ್ನು ಹೇಳಿದಳು. ಹೇಳಿದ್ದು ಎರಡನೆಯ ಸಾಲಿಗೆ ರಾಗವಾಯಿತು. ತಪ್ಪಿದಲ್ಲೆಲ್ಲ ಅಜ್ಜಿ ಹಿಂದಿನಿಂದ ಸಾಲು ಎತ್ತಿಕೊಟ್ಟಳು, ಎತ್ತಿಕೊಡುತ್ತಾ ತಾನೂ ಮಗನಿಗಾಗಿ ಹಾಡಿಕೊಂಡಳು. ಕತ್ತಲಾಗುವ ತನಕ ಇಬ್ಬರೂ ನಿಲ್ಲಿಸಲಿಲ್ಲ.

ಗುಡಾರ ಎದ್ದ ದಿನದಿಂದ ಎಣಿಸಿ ನಲವತ್ತನೆಯ ದಿನದ ಊಟ ಮುಗಿದ ಮೇಲೆ ಶಮ್‌ಶಿ ಅ‍ಂಜುತ್ತಾ ಆಪರೇಷನ್ ಮಾತು ತೆಗೆದ. ವಸಂತ ಬಂದು, ಹಿಮ ಬೆಟ್ಟದ ಬುಡದಿಂದ ಕರಗುತ್ತಾ ಮೇಲಕ್ಕೆ ಸರಿದಿತ್ತು. ಡಾಕ್ಟರಮ್ಮ ಎರಡು ಸಲ ಬಂದು ಹೋಗಿದ್ದಳು. ಅಜ್ಜಿ ಚಹಾದ ಬಟ್ಟಲು ಕೆಳಗಿಟ್ಟಳು.

"ನಾನು ಹೇಳಿದ್ದು ಹೇಳಿದ್ದೇ. ದೊಡ್ಡ ಮಗನ ಮಾತಿಲ್ದೆ ಮೇಜು ಹತ್ತಲ್ಲ."

"ಅಮ್ಮ, ಅವನಿಲ್ಲ..."

"ಇಲ್ಲ ಅಂತ ನಂಗೊತ್ತು ಕಣೋ. ಇಲ್ಲಿ ಬಾರೇ."

ಕುಂದುಜ್ ಎದುರು ಬಂದು ಕೂತಳು. ನಲವತ್ತು ದಿನದಲ್ಲಿ ಅಜ್ಜಿ ಅವಳ ಜೊತೆ ಅಗತ್ಯಕ್ಕಿಂತ ಒಂದು ಮಾತು ಹೆಚ್ಚು ಆಡಿರಲಿಲ್ಲ.

"ಅವನ ಮಗು ನೀನು. ಅವನ ಜಾಗದಲ್ಲಿ ಈಗ ಮಾತು ನಿಂದು. ಯಂತ್ರ ಬೇಡ. ನನ್ನ ಮುಖ ನೋಡಿ ಹೇಳು, ಏನು ಮಾಡಲಿ?"

"ಅಪಾ, ಮಾಡಿಸ್ಕೊ..." ಎನ್ನುವಷ್ಟರಲ್ಲಿ ಕುಂದುಜ್‌ಳ ದನಿ ಒಡೆದುಹೋಯಿತು. ಹಾಗೆಂದರೆ ಏನಾಗಬಹುದು ಎಂಬುದು ಅವಳಿಗೆ ಗೊತ್ತಿತ್ತು. ಈ ಮಾತನ್ನು ಹಿಂದಕ್ಕೆ ತೆಗೆದುಕೊಂಡು ಸರಿಮಾಡಲು ಬರುವುದಿಲ್ಲ ಎಂಬುದೂ ಗೊತ್ತಿತ್ತು.

"ಅರ್ಧ ಮಾತಿಗೆ ನಾನು ಹೋಗಲ್ಲ," ಎಂದಳು ಅಜ್ಜಿ. "ಪೂರ್ತಿ ಹೇಳು."

ಕುಂದುಜ್ ಅವಳ ಕಣ್ಣಲ್ಲಿ ಕಣ್ಣಿಟ್ಟು, ಮೊದಲು ಮಂಡಿಯನ್ನು ಕೇಳಿದಳು, ಹಸುವನ್ನು ಕೇಳಿದಳು, ನಿದ್ದೆ ಬಂತೇ ಎಂದು ಕೇಳಿದಳು. ಆಮೇಲೆ ಪೂರ್ತಿ ಹೇಳಿದಳು.